ಭಾನುವಾರದ ಅತ್ತೆ

ಇಸ್ತ್ರಿ ಅಂಗಡಿಯವನ ಮನೆಯಲ್ಲಿ ಸುಕ್ಕುಗಟ್ಟಿದ್ದು ಏನಾದರೂ ಇದ್ದರೆ ಅದು ಅವನ ಮುಖ ಒಂದೇ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲೊಂದು ಉದ್ದನೆಯ ಮೇಜು, ಮೇಜಿನ ಮೇಲೆ ಮಡಚಿ ಹಾಸಿದ ಹಳೆಯ ಕಂಬಳಿ, ಹಿಂದಿನ ಗೋಡೆಯ ಕೊಳವೆಗೆ ಸಾಲಾಗಿ ತೂಗಿದ ಗಿರಾಕಿಗಳ ಅಂಗಿ, ಪ್ಯಾಂಟು, ಕೋಟು. ಅಪ್ಪ ಅವನಿಗೆ ಬಿಟ್ಟುಹೋದದ್ದು ಈ ಮೇಜು ಮತ್ತು ಒಂದು ಕಟ್ಟಪ್ಪಣೆ: ಕಲೆ ಇರುವ ಬಟ್ಟೆ ಕೌಂಟರ್ ದಾಟಬಾರದು. ಗಿರಾಕಿ ಎಷ್ಟೇ ಅವಸರ ಮಾಡಲಿ, ಅವನು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಂದೆ ಹಿಂದೆ ತಿರುಗಿಸಿ ನೋಡಿಯೇ ಕೊಡುವುದು.

ಈ ಚಾಳಿ ಅಂಗಡಿಯಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಅವನು ಅದನ್ನು ಒಳಗಿನ ಕೋಣೆಗೂ, ಅಲ್ಲಿದ್ದ ಅತ್ತೆಯ ತನಕವೂ ಎಳೆದುಕೊಂಡು ಹೋದ.

ಅತ್ತೆ ಎಂದರೆ ಹೆಂಡತಿಯ ತಾಯಿ. ಆಯುಷ್ಯವೆಲ್ಲ ಶಾಲೆಯಲ್ಲಿ ಪಾಠ ಹೇಳಿದವರು, ಬೀದಿಗೆಲ್ಲ ಟೀಚರಮ್ಮ. ಒಂದು ಕಾಲದಲ್ಲಿ ಅಳಿಯ ಬಂದನೆಂದರೆ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ ಹೆಂಗಸು. ನೆನಪು ಕೈಕೊಡಲು ಶುರುವಾದ ಮೇಲೆ ಮಗಳ ಮನೆಗೆ ಬಂದರು. ಮಗಳು ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೇಲ್ವಿಚಾರಕಿ, ಪಾಳಿಯ ಕೆಲಸ. ಮೊಮ್ಮಗಳಿಗೆ ಕಾಲೇಜು. "ನೀವು ಹೇಗೂ ಮನೇಲೇ ಇರ್ತೀರಲ್ಲ" ಎಂದು ಹೆಂಡತಿ ಅಂದ ಒಂದೇ ಒಂದು ಮಾತಿನ ಮೇಲೆ ಟೀಚರಮ್ಮನ ಊಟ, ಮಾತ್ರೆ, ಸ್ನಾನ, ಹಾಸಿಗೆ, ಬಾಯಿಬಿಟ್ಟು ಹೇಳಲಾಗದ ಉಳಿದ ಕೆಲಸ ಎಲ್ಲ ಅವನ ಕೊರಳಿಗೆ ಬಿತ್ತು. ಮೊದಮೊದಲು ತೊಳೆಯುವವನೂ ತೊಳೆಸಿಕೊಳ್ಳುವವರೂ ಗೋಡೆ ನೋಡುತ್ತಿದ್ದರು. ಆಮೇಲೆ ಅವರಿಗೆ ಅವನು ಅಳಿಯ ಎನ್ನುವುದೇ ಮರೆತುಹೋಯಿತು, ಯಾರೋ ಕೆಲಸದವನು ಎಂದುಕೊಂಡರು. ಅವನಿಗೆ ಮಾತ್ರ ಏನೂ ಮರೆಯಲಿಲ್ಲ.

ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಹೆಂಡತಿಯ ಅಣ್ಣ ತಾಯಿಯನ್ನು ನೋಡಲು ಬರುತ್ತಿದ್ದ. ಊರಿನ ಆ ತುದಿಯಲ್ಲಿ ಮನೆ, ವಿಮೆ ಕಂಪನಿಯಲ್ಲಿ ನೌಕರಿ, ಸ್ವಂತ ಕಾರು. ಬರುವಾಗ ತಪ್ಪದೆ ಒಂದು ಚೀಲ ಕಿತ್ತಳೆ ತರುತ್ತಿದ್ದನಾದ್ದರಿಂದ ಮೊಮ್ಮಗಳು ಅವನಿಗೆ ಕಿತ್ತಳೆ ಮಾಮ ಎಂದು ಹೆಸರಿಟ್ಟಿದ್ದಳು.

ಮಾಮ ಬರುವ ದಿನ ಇಸ್ತ್ರಿಯವನಿಗೆ ಮೈಮೇಲೆ ಭೂತ ಬಂದ ಹಾಗೆ. ಬೆಳಕು ಹರಿಯುತ್ತಲೇ ನೀರು ಕಾಯಿಸಿ ಅತ್ತೆಗೆ ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು, ಹಾಸಿಗೆ ಬಟ್ಟೆ ಬದಲಿಸುವುದು, ವಾಸನೆ ಹೋಗಲೆಂದು ನೆಲಕ್ಕೆ ವಿನೆಗರ್ ಹಾಕಿ ಒರೆಸುವುದು. ಕೊನೆಗೆ ತಿಳಿನೀಲಿ ಅಂಗಿ ತೊಡಿಸಿ, ಮೇಲೊಂದು ಶಾಲು ಹೊದಿಸಿ ಕಿಟಕಿಯ ಪಕ್ಕ ಕೂರಿಸುವುದು. ಶಾಲಿಗೂ ಇಸ್ತ್ರಿ ಆಗಿರುತ್ತಿತ್ತು.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾದರೆ ಸಾಕು, ಟೀಚರಮ್ಮನ ಬೆನ್ನು ನೆಟ್ಟಗಾಗುತ್ತಿತ್ತು.

"ಬಾಪ್ಪ, ಕೂತ್ಕೋ. ಮಕ್ಕಳು ಚೆನ್ನಾಗಿ ಓದ್ತಿದ್ದಾರಾ?"

"ಓದ್ತಿದ್ದಾರಮ್ಮ."

"ಲೆಕ್ಕದ ಕಡೆ ಗಮನ ಇರಲಿ. ಎಲ್ಲರೂ ಮುಗ್ಗರಿಸೋದು ಅಲ್ಲೇ."

ಮಾಮನಿಗೆ ಹಿಗ್ಗೋ ಹಿಗ್ಗು. ಯಾವ ಮಕ್ಕಳು, ಅವರ ಹೆಸರೇನು, ಎದುರಿಗೆ ಕೂತ ತಾನು ಯಾರು ಎಂದು ಒಂದು ಸಲ ಕೇಳಿದ್ದರೆ ಬಣ್ಣ ಬಯಲಾಗುತ್ತಿತ್ತು. ಅವನು ಕೇಳಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ ಎನ್ನುವುದು ಅವನಿಗೂ ಅನುಕೂಲದ ವಿಷಯವಾಗಿತ್ತು.

ಅಂಥ ಒಂದು ಭಾನುವಾರ ಇಸ್ತ್ರಿಯವ ಧೈರ್ಯ ಮಾಡಿದ.

"ಭಾವ, ರೈಲ್ವೆ ಗೇಟಿನ ಹತ್ತಿರ ಆ ವೃದ್ಧರ ಆರೈಕೆ ಕೇಂದ್ರ ಇದೆಯಲ್ಲ, ಅಲ್ಲೊಂದು ಹಾಸಿಗೆ ಖಾಲಿ ಇದೆಯಂತೆ."

"ಯಾರಿಗೆ?"

"ಅತ್ತೆಗೆ."

ಮಾಮ ಗಟ್ಟಿಯಾಗಿ ನಕ್ಕ. "ಇವಳಿಗಾ? ನನಗಿಂತ ಚುರುಕಾಗಿದ್ದಾಳೆ, ಭಾವ!"

"ನೀವು ಬಂದಾಗ ಹಾಗಿರ್ತಾರೆ. ನೀವು ಹೋದ್ಮೇಲೆ ಎರಡು ದಿನ ನಮ್ಮ ಜೀವ ಹಿಂಡ್ತಾರೆ."

"ನೋಡಿ, ಮನೇಲೇ ಕೂತು ಕೂತು ನಿಮಗೆ ಬೇಜಾರಾಗಿದೆ. ಎಲ್ಲಾದ್ರೂ ಹೋಗಿ ನಾಕು ದಿನ ಇದ್ದು ಬನ್ನಿ."

"ಆ ನಾಕು ದಿನ ಇವರನ್ನ ಯಾರು ನೋಡ್ತಾರೆ?"

"ಏನಾದ್ರೂ ವ್ಯವಸ್ಥೆ ಮಾಡ್ಕೊಂಡ್ರಾಯ್ತು" ಎಂದು ಮಾಮ ಕಿತ್ತಳೆ ಸುಲಿಯತೊಡಗಿದ. ಇಸ್ತ್ರಿಯವ ಹೆಂಡತಿಯ ಮುಖ ನೋಡಿದ. ಅವಳು ಟೀ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಕಾರು ತಿರುವು ದಾಟುವಷ್ಟರಲ್ಲಿ ಟೀಚರಮ್ಮ ಕುರ್ಚಿಯಲ್ಲಿ ಕುಸಿದು, ಶಾಲು ಕಿತ್ತೆಸೆದು, ಕೂತಲ್ಲೇ ಎಲ್ಲ ಮಾಡಿಕೊಂಡಿದ್ದರು.

ಆ ವಾರವೇ ವಕೀಲರ ಕೋಟಿನ ಪ್ರಸಂಗ ನಡೆಯಿತು. ಟೀಚರಮ್ಮನಿಗೆ ಒಂದು ಹೊಸ ಅಭ್ಯಾಸ ಹತ್ತಿತ್ತು, ಹೊಲಸಾದ ಒಳಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಡುವುದು. ಪಾಪ, ಅಷ್ಟು ಮರೆತರೂ ನಾಚಿಕೆ ಮರೆತಿರಲಿಲ್ಲ. ಇಸ್ತ್ರಿಯವ ಬೆಳಗ್ಗೆ ಬೆಳಕಿಗೆ ಹಿಡಿದು ನೋಡಿ ತೂಗುಹಾಕಿದ್ದ ಕರಿ ಕೋಟಿನ ಜೇಬಿಗೆ ಅದನ್ನು ತುರುಕಿಟ್ಟರು. ಅವನು ಹಿತ್ತಲಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಾಗ ಅವನ ಮಗಳು ಆ ಕೋಟನ್ನು ವಕೀಲರಿಗೆ ಕೊಟ್ಟುಬಿಟ್ಟಳು. ವಕೀಲರು ಕೋರ್ಟಿನಲ್ಲಿ ಕನ್ನಡಕ ತೆಗೆಯಲು ಜೇಬಿಗೆ ಕೈ ಹಾಕಿದರು.

ಮಧ್ಯಾಹ್ನ ಬಂದು ಕೋಟನ್ನು ಮೇಜಿನ ಮೇಲೆ ಎಸೆದರು. ಬಯ್ಯಲಿಲ್ಲ. "ನಿಮ್ಮಪ್ಪ ಇದ್ದಿದ್ದರೆ..." ಎಂದಷ್ಟೇ ಹೇಳಿ ಹೊರಟುಹೋದರು. ಅದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು.

ಆ ಸಂಜೆ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು ಮುಂದಿಟ್ಟುಕೊಂಡು ಕೂತಾಗ ಅವನು ಹೇಳಿದ, "ನೋಡೇ, ನನ್ನ ಕೈಲಿ ಇನ್ನಾಗಲ್ಲ."

"ಏನು ಆಗಲ್ಲ?"

"ನಿಮ್ಮಮ್ಮನ್ನ ನೋಡ್ಕೊಳೋದು."

ಹೆಂಡತಿ ತಟ್ಟೆ ಸರಿಸಿದಳು. "ನಾನು ಕೆಲಸ ಬಿಡ್ಲಾ? ಹೇಳಿ, ನಾಳೆನೇ ಬಿಡ್ತೀನಿ. ಇವಳ ಫೀಸು, ಈ ಮನೆ ಬಾಡಿಗೆ ಎಲ್ಲ ನಿಮ್ಮ ಅಂಗಿ ಪ್ಯಾಂಟಿಂದ ಹುಟ್ಟುತ್ತಾ?"

"ಬಿಡು ಅಂದ್ನಾ? ಕೇಂದ್ರಕ್ಕೆ ಕಳಿಸೋಣ ಅಂದೆ."

"ಅಣ್ಣ ಹ್ಞೂಂ ಅನ್ನಲಿ, ಕಳಿಸೋಣ. ಅವನು ಬೇಡ ಅಂದ ಮೇಲೂ ನಾನು ಕಳಿಸಿ, ಅಲ್ಲಿ ಅಮ್ಮನಿಗೆ ಏನಾದ್ರೂ ಆದ್ರೆ? ಸಾಯೋ ತನಕ ನನ್ನನ್ನೇ ದೂರ್ತಾನೆ ಅವನು."

"ಇಲ್ಲಿ ನನಗೇನಾದ್ರೂ ಆದ್ರೆ?"

"ನಿಮಗೇನಾಗುತ್ತೆ, ಗುಂಡುಕಲ್ಲಿನ ಹಾಗಿದ್ದೀರಿ" ಎಂದಳು ಹೆಂಡತಿ. ಸಿಟ್ಟಿನಲ್ಲಿ ಹೇಳಿದ್ದಲ್ಲ. ಪಾಳಿ ಮುಗಿಸಿ ಬಂದವಳ ಕಣ್ಣು ಕೂತಲ್ಲೇ ಮುಚ್ಚುತ್ತಿತ್ತು. ಒಳಗಿನ ಕೋಣೆಯಿಂದ ಟೀಚರಮ್ಮ ಚಪ್ಪಾಳೆ ತಟ್ಟಿದರು. ತರಗತಿಯಲ್ಲಿ ಗದ್ದಲವಾದರೆ ತಟ್ಟುವ ಚಪ್ಪಾಳೆ. ಇಸ್ತ್ರಿಯವ ಕೈಯಲ್ಲಿದ್ದ ಬ್ರೆಡ್ಡು ತಟ್ಟೆಗೆ ಹಾಕಿ ಎದ್ದ. ಊಟ ಬಿಸಿಯಾಗಿರುವಾಗಲೇ ಅವನು ಅದನ್ನು ಮುಗಿಸಿ ಎಷ್ಟೋ ಕಾಲವಾಗಿತ್ತು.

ಅದಾದ ಕೆಲವು ದಿನಗಳಿಗೆ ಹೋಟೆಲಿನವರ ಮೇಜುಬಟ್ಟೆಗಳ ರಾಶಿ ಬಂದಿತ್ತು. ಸಂಜೆಯೊಳಗೆ ಮುಗಿಸಬೇಕು. ಟೀಚರಮ್ಮ ಅಂದು ನಾಲ್ಕೈದು ಸಲ ಬೀದಿಗೆ ಹೊರಟಿದ್ದರು, ನಾಲ್ಕೈದು ಸಲ ಅವನು ಕರೆತಂದು ಮಲಗಿಸಿದ್ದ. ಗಂಜಿ ಉಗಿದಿದ್ದರು. ಮತ್ತೆ ಕೋಣೆಯ ಪರದೆ ಸರಿಸಿಕೊಂಡು ಬರಿಗಾಲಲ್ಲಿ ಅಂಗಡಿಗೆ ಬಂದರು.

"ಇನ್ನೂ ಪುಸ್ತಕ ಮುಚ್ಚಿಲ್ವಾ? ಗಂಟೆ ಹೊಡೀತಲ್ಲ!" ಎಂದು, ಕಾದ ಇಸ್ತ್ರಿ ಪೆಟ್ಟಿಗೆಯ ಕಡೆಗೆ ನೇರವಾಗಿ ಅಂಗೈ ಚಾಚಿದರು.

ಅವನು ಗಬಕ್ಕನೆ ಅವರ ಮಣಿಕಟ್ಟು ಹಿಡಿದ. ಇನ್ನೊಂದು ಕೈಯಿಂದ ಪೆಟ್ಟಿಗೆಯನ್ನು ಆಚೆ ಸರಿಸಿ ನಿಲ್ಲಿಸಿದ. ಅಲ್ಲಿಗೆ ಅಪಾಯ ಕಳೆಯಿತು. ಅವನ ಹಿಡಿತ ಮಾತ್ರ ಸಡಿಲಲಿಲ್ಲ.

"ಬಿಡಪ್ಪ, ನೋಯ್ತದೆ."

ಬಿಡಲಿಲ್ಲ. ಇನ್ನೂ ಬಿಗಿ ಮಾಡಿದ. ಅವರು ನೋವಿಗೆ ಮುಖ ಕಿವುಚಿದಾಗ ಅವನಿಗೆ ಒಳಗೆಲ್ಲೋ ಹಿತವಾಯಿತು, ಉರಿಬಿಸಿಲಲ್ಲಿ ತಣ್ಣೀರು ಕುಡಿದಷ್ಟು ಹಿತವಾಯಿತು. ಅವರ ಕಣ್ಣಲ್ಲಿ ನೀರು ಬಂದ ಮೇಲೆ ಕೈಬಿಟ್ಟ. ಆಮೇಲೆ ತನಗೆ ತಾನೇ ಹೆದರಿದ. ಕೈ ಹಿಡಿದದ್ದಕ್ಕಲ್ಲ. ಹಿತವಾಯಿತಲ್ಲ, ಅದಕ್ಕೆ.

ಮರುದಿನ ಮಣಿಕಟ್ಟಿನ ಸುತ್ತ ಬೆರಳಿನ ಗುರುತು ನೀಲಿಗಟ್ಟಿತ್ತು. ಹೆಂಡತಿ ನೋಡಿದಳು.

"ಇದೇನ್ರೀ?"

"ಇಸ್ತ್ರಿ ಪೆಟ್ಟಿಗೆ ಮುಟ್ಟೋಕೆ ಹೋದ್ರು. ಹಿಡ್ಕೊಂಡೆ."

"ಅಬ್ಬಾ, ಸದ್ಯ ನೀವು ಅಲ್ಲಿದ್ರಿ" ಎಂದು ಅವಳು ನಿಟ್ಟುಸಿರು ಬಿಟ್ಟಳು. ಅವನು ಆ ಮೆಚ್ಚುಗೆ ತಾಳಲಾರದೆ ಹಿತ್ತಲಿಗೆ ಎದ್ದುಹೋದ. ಆ ಕ್ಷಣದಿಂದ ಅವನಿಗೆ ಒಂದೇ ಹಂಬಲ, ಮುಂದಿನ ಸಲ ಇಸ್ತ್ರಿ ಪೆಟ್ಟಿಗೆಯ ನೆಪವಿಲ್ಲದೆ ಕೈ ಹೋಗುವ ಮೊದಲು ಈ ಕೆಲಸದಿಂದ ಬಿಡುಗಡೆಯಾಗಬೇಕು.

ದಾರಿ ತೋರಿಸಿದವಳು ಮಗಳು. ಪಾತ್ರೆ ತೊಳೆಯುತ್ತ ಹೇಳಿದಳು, "ಅಪ್ಪಾ, ಕೋಪ ಮಾಡ್ಕೋಬೇಡ. ತಪ್ಪು ನಿನ್ನದೇ."

"ನನ್ನದಾ? ಹಗಲೂ ರಾತ್ರಿ ಮಾಡೋದೂ ನಾನೇ, ತಪ್ಪೂ ನನ್ನದೇ?"

"ಮತ್ತೆ? ಅಜ್ಜಿಗೆ ಗರಿಗರಿ ಇಸ್ತ್ರಿ ಹಾಕಿ ಕೂರಿಸ್ತೀಯ. ಮಾಮ ನೋಡೋದು ಭಾನುವಾರದ ಅಜ್ಜಿನ. ಸೋಮವಾರದ ಅಜ್ಜಿ ಹೇಗಿರ್ತಾರೆ ಅಂತ ಅವರ ಕನಸಲ್ಲೂ ಬಂದಿಲ್ಲ. ಈ ಸಲ ಏನೂ ಮಾಡ್ಬೇಡ. ಹಾಗೇ ಬಿಡು. ನೋಡ್ಲಿ."

"ಹೊಲಸಲ್ಲಿ ಕೂರಿಸ್ಲಾ?"

"ಒಂದೇ ಒಂದು ಬೆಳಗ್ಗೆ, ಅಪ್ಪಾ."

ಆ ಭಾನುವಾರ ಹೆಂಡತಿಗೆ ಬೆಳಗಿನ ಪಾಳಿ. ಇಸ್ತ್ರಿಯವ ಬೇಕೆಂದೇ ಕೈಕಟ್ಟಿ ಕೂತ. ಇಡೀ ಆಯುಷ್ಯದಲ್ಲಿ ಅವನು ಮಾಡಿದ ಅತಿ ಕಷ್ಟದ ಕೆಲಸ ಅದೇ ಇರಬೇಕು. ಎರಡು ಸಲ ಎದ್ದು ನೀರು ಕಾಯಲು ಇಟ್ಟ, ಎರಡು ಸಲವೂ ಮಗಳು ಬಂದು ಒಲೆ ಆರಿಸಿದಳು. ಮಣಿಕಟ್ಟಿನ ಗುರುತು ಆಗಲೇ ಮಾಸಿತ್ತು, ಅದೊಂದು ಕಾಣುವಂತಿರಲಿಲ್ಲ. ಉಳಿದದ್ದೆಲ್ಲ ಕಾಣುತ್ತಿತ್ತು. ಹರಡಿದ ಕೂದಲು, ಗದ್ದಕ್ಕೆ ಒಣಗಿ ಹಿಡಿದ ಗಂಜಿ, ಒದ್ದೆ ಬಟ್ಟೆ, ಕೋಣೆ ತುಂಬ ಮೂಗು ಬಿಡಲಾಗದ ನಾತ.

ಮಾಮ ಬಾಗಿಲಲ್ಲೇ ನಿಂತುಬಿಟ್ಟ. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ಇದೇನ್ ಭಾವ ಇದು?"

"ದಿನಾ ಹೀಗೇ, ಭಾವ. ನೀವು ಬರೋ ದಿನ ಮಾತ್ರ ನಾನು ತೊಳೆದು ಕೂರಿಸ್ತಿದ್ದೆ. ನೀವು ಒಂದ್ಸಲ ಕಣ್ಣಾರೆ ನೋಡ್ಲಿ ಅಂತ..."

"ನಾನು ನೋಡ್ಲಿ ಅಂತ ನಮ್ಮಮ್ಮನ್ನ ಹೇಲಲ್ಲಿ ಕೂರಿಸಿದ್ರಾ?"

ಟೀಚರಮ್ಮ ಅಷ್ಟು ಹೊತ್ತಿಗೆ ನೆಟ್ಟಗೆ ಕೂತು, ಅತಿಥಿಯ ಎದುರು ತೋರಿಸುವ ಗಾಂಭೀರ್ಯದಿಂದ ಹೇಳಿದರು, "ಕೂತ್ಕೋಪ್ಪ. ಈ ಮನೆಯವರೆಲ್ಲ ಒಳ್ಳೆಯವರೇ. ಕೆಲಸದವನು ಒಬ್ಬ ಸ್ವಲ್ಪ ಮೈಗಳ್ಳ."

"ಹೋದ್ಸಲ ಬಂದಾಗ ಎಷ್ಟು ಲಕ್ಷಣವಾಗಿದ್ದಳು!" ಮಾಮನ ದನಿ ಬೀದಿಗೆ ಕೇಳುತ್ತಿತ್ತು. "ಕೇಂದ್ರಕ್ಕೆ ನಾನು ಬೇಡ ಅಂದೆ ಅಂತ ಮುದುಕಿ ಮೇಲೆ ಹಗೆ ತೀರಿಸ್ಕೊಳ್ತಿದ್ದೀರಾ? ನನಗೇನು ಮನೆ ಇಲ್ವಾ? ನಾನು ನೋಡ್ಕೊಳ್ತೀನಿ. ಹೇಗೆ ನೋಡ್ಕೊಳ್ಬೇಕು ಅಂತ ನಿಮಗೆ ತೋರಿಸ್ತೀನಿ!"

ತೊಳೆಯಲೂ ಬಿಡದೆ, ಹಳೆಯ ಕಂಬಳಿ ಸುತ್ತಿ ತಾಯಿಯನ್ನು ಕಾರಿಗೆ ಹತ್ತಿಸಿಕೊಂಡು ಹೋದ. ಬೀದಿಯ ಎರಡೂ ಬದಿಯ ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಮಧ್ಯಾಹ್ನ ಬಂದ ಹೆಂಡತಿ ವಿಷಯ ತಿಳಿದು ಗೋಳೋ ಎಂದು ಅತ್ತಳು. "ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದು ಗಂಡನನ್ನೂ ಮಗಳನ್ನೂ ಜಾಲಾಡಿದಳು. ಅತ್ತು ಅತ್ತು ಮಲಗಿದವಳು ಮರುದಿನ ಬೆಳಗಿನ ತನಕ ಮಗ್ಗುಲು ಬದಲಿಸಲಿಲ್ಲ.

ಆಮೇಲಿನ ಕೆಲವು ದಿನ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಸುಖ ಇತ್ತು. ಮೂವರೂ ಒಟ್ಟಿಗೆ ಕೂತು ಬಿಸಿಬಿಸಿ ಮೊಟ್ಟೆ ತಿಂದರು. ಮಗಳು ಏನೋ ಹೇಳಿದ್ದಕ್ಕೆ ಹೆಂಡತಿ ನಕ್ಕು, ನಕ್ಕದ್ದಕ್ಕೆ ತಾನೇ ಗಾಬರಿಯಾದಳು. ಇಸ್ತ್ರಿಯವ ವಕೀಲರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದ. ಬೀದಿಯಲ್ಲಿ ಅವನನ್ನು ಕಂಡರೆ ಕೆಲವರು ಮುಖ ತಿರುಗಿಸುತ್ತಿದ್ದರು, ಅದೂ ಅವನಿಗೆ ತಟ್ಟಲಿಲ್ಲ. ಕೇಂದ್ರಕ್ಕೆ ಫೋನ್ ಮಾಡಿ ಕೇಳಿದ. ಹಾಸಿಗೆ ಇನ್ನೂ ಹೋಗಿಲ್ಲ, ಈ ವಾರ ಪೂರ್ತಿ ನಿಮಗಾಗಿ ಇಟ್ಟಿರುತ್ತೇವೆ ಎಂದರು. ಮಾಮನಿಗೆ ಈಗ ಗೊತ್ತಾಗುತ್ತಿರುತ್ತದೆ, ತಾನಾಗಿ ಒಪ್ಪುತ್ತಾನೆ ಎಂದು ಇಸ್ತ್ರಿಯವ ಲೆಕ್ಕ ಹಾಕಿದ. ಅರ್ಧ ಲೆಕ್ಕ ಸರಿಯಾಗಿಯೇ ಇತ್ತು.

ವಾರ ತುಂಬುವ ಮೊದಲೇ ಒಂದು ಸಂಜೆ ಕಾರು ಬಂದು ನಿಂತಿತು. ಮುಂದಿನ ಸೀಟಿನಲ್ಲಿದ್ದ ಮಾಮನ ಹೆಂಡತಿ ಇಳಿಯಲಿಲ್ಲ, ಈ ಕಡೆ ತಿರುಗಿಯೂ ನೋಡಲಿಲ್ಲ. ಮಾಮ ಇಳಿದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಹಿಂದಿನ ಸೀಟಿನಿಂದ ತಾಯಿಯನ್ನು ಇಳಿಸಿ ತಂದು ಅವರ ಹಾಸಿಗೆಯಲ್ಲಿ ಕೂರಿಸಿ, ತಾನು ಅಂಗಡಿಯ ಸ್ಟೂಲಿನ ಮೇಲೆ ಕುಕ್ಕರಿಸಿದ.

"ತಪ್ಪಾಯ್ತು, ಭಾವ. ನನ್ನ ಕ್ಷಮಿಸಿಬಿಡಿ. ನೀವು ಮನುಷ್ಯರಲ್ಲ, ದೇವರು."

"ಅಂಥ ಮಾತು ಬೇಡ, ಭಾವ. ನಿಮಗೆ ಗೊತ್ತಾಯ್ತಲ್ಲ, ಅಷ್ಟು ಸಾಕು. ಕೇಂದ್ರದವರು ಹಾಸಿಗೆ ಇಟ್ಟಿದ್ದಾರೆ. ನಾಳೆನೇ..."

"ಬೇಡ." ಮಾಮ ತಲೆ ಅಲ್ಲಾಡಿಸಿದ. "ಅದೊಂದು ಕೇಳಬೇಡಿ. ಅಮ್ಮನಿಗೆ ನಿಮ್ಮ ಕೈಯೇ ಆಗಬೇಕು. ನಮ್ಮನೇಲಿ ಯಾರು ತಿನ್ನಿಸಿದ್ರೂ ಬಾಯಿ ತೆರೀಲಿಲ್ಲ. 'ಆ ಕೆಲಸದವನನ್ನ ಕರೀರಿ' ಅಂತ ಒಂದೇ ಹಟ. ಖರ್ಚಿಗೆ ಎಷ್ಟು ಬೇಕೋ ಕೇಳಿ, ಕೊಡ್ತೀನಿ."

ಇಸ್ತ್ರಿಯವ ಒಳಗಿನ ಕೋಣೆಯ ಕಡೆ ನೋಡಿದ. ಪರದೆಯ ಪಕ್ಕ ಹೆಂಡತಿ ನಿಂತಿದ್ದಳು, ಅವಳ ಹಿಂದೆ ಮಗಳು. ಅವನ ಹತ್ತಿರ ಇನ್ನು ಉಳಿದಿದ್ದು ಒಂದೇ ಒಂದು ವಿಷಯ, ಯಾರ ಮುಂದೆಯೂ ಹೇಳಬಾರದೆಂದುಕೊಂಡದ್ದು. ಅದನ್ನು ಹೇಳಿದರೆ ತಾಯಿಯನ್ನು ಯಾವ ಮಗನೂ ಆ ಮನೆಯಲ್ಲಿ ಬಿಡಲಾರ ಎಂದು ಅವನಿಗೆ ಖಾತ್ರಿಯಿತ್ತು.

"ಭಾವ, ನನ್ನ ಹತ್ರ ಅವರನ್ನ ಬಿಡಬೇಡಿ. ನಾನು ಅವರಿಗೆ ನೋವು ಮಾಡಿದ್ದೀನಿ."

"ಏನು ಮಾಡಿದ್ರಿ?"

"ಇಸ್ತ್ರಿ ಪೆಟ್ಟಿಗೆಗೆ ಕೈ ಹಾಕೋಕೆ ಬಂದ್ರು, ಕೈ ಹಿಡ್ಕೊಂಡೆ. ಪೆಟ್ಟಿಗೆ ಆಚೆ ಸರಿಸಿದ ಮೇಲೂ ಬಿಡಲಿಲ್ಲ. ನೋಯ್ತದೆ ಅಂದ್ರು. ನೋಯ್ಲಿ ಅಂತಾನೇ ಹಿಡಿದಿದ್ದೆ. ಬೆರಳು ಮೂಡಿತ್ತು. ನನಗೆ ಖುಷಿಯಾಯ್ತು, ಭಾವ. ಕೇಳಿಸ್ತಾ? ಖುಷಿಯಾಯ್ತು."

ಹೆಂಡತಿ ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು. ಮಾಮ ಅವನನ್ನೇ ನೋಡುತ್ತಿದ್ದ. ಬೆನ್ನ ಮೇಲಿನ ಮೂಟೆ ಯಾರೋ ಇಳಿಸಿದ ಹಾಗೆ ಅವನ ಭುಜ ಸಡಿಲಾಯಿತು.

"ಅಷ್ಟೇನಾ?" ಎಂದ. "ನಾನು ಹೊಡೆದೆ, ಭಾವ. ಕೆನ್ನೆಗೆ. ಒಂದ್ಸಲ ಅಲ್ಲ."

ಮಗಳು ಅಜ್ಜಿಯ ಕೋಣೆಯತ್ತ ತಿರುಗಿ ನೋಡಿದಳು.

"ಹೊಡೆದವನು ನಾನು. ಹೊಡೆದು, ಆಮೇಲೆ ಮನೆಯಿಂದ ಆಚೆಗೂ ಹಾಕಿದೆ ಅಂತಾದ್ರೆ ನಾನು ಮಗನಾ? ನೀವು ಇಷ್ಟು ಕಾಲ ನೋಡ್ಕೊಂಡು ಒಂದ್ಸಲ ಕೈ ಹಿಡಿದಿದ್ದೀರಿ, ಅಷ್ಟೇ. ನಿಮ್ಮ ಹತ್ರ ಇದ್ರೇನೇ ಅವಳು ಕ್ಷೇಮ." ಅವನು ಎದ್ದು, ಇಸ್ತ್ರಿಯವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಮಾಮನ ಹೆಂಡತಿ ಹೊರಗಿನಿಂದ ಹಾರ್ನ್ ಒತ್ತಿದಳು. ಅವನು ಕಣ್ಣೊರೆಸಿಕೊಂಡು ಹೊರಟುಹೋದ.

ಇಸ್ತ್ರಿಯವ ಹೆಂಡತಿಯ ಕಡೆ ತಿರುಗಿದ. ಅವಳಾದರೂ ಏನಾದರೂ ಅನ್ನಲಿ, ಬಯ್ಯಲಿ, ಇವನ ಹತ್ತಿರ ನಮ್ಮಮ್ಮ ಇರುವುದು ಬೇಡ ಎನ್ನಲಿ ಎಂದು ಕಾದ.

"ನಾಳೆಯಿಂದ ನನಗೆ ಸಂಜೆ ಪಾಳಿ" ಎಂದಳು ಅವಳು, ನೆಲ ನೋಡುತ್ತ. "ಬೆಳಗಿನ ಹೊತ್ತು ನಾನೂ ಕೈಜೋಡಿಸ್ತೀನಿ." ತಾಯಿಯ ಬಟ್ಟೆಯ ಚೀಲ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಮಗಳು ಹೋಗಿ ಗಂಜಿಗೆ ಇಟ್ಟಳು.

ಗಂಜಿಯ ಬಟ್ಟಲು ಹಿಡಿದು ಅವನು ಅತ್ತೆಯ ಎದುರು ಕೂತ. ಅವರ ಎಡಗೆನ್ನೆ ಇನ್ನೂ ಊದಿತ್ತು. ಮೊದಲ ಚಮಚಕ್ಕೇ ಬಾಯಿ ತೆರೆದರು, ಮಾಮ ಹೇಳಿದ್ದು ಸುಳ್ಳಲ್ಲ. ಎರಡನೆಯದನ್ನೂ ನುಂಗಿದರು. ಅವನ ಕೈ ಅಲ್ಲಿಗೇ ನಿಂತುಹೋಯಿತು.

"ಅತ್ತೆ, ನನಗೆ ಸಾಕಾಗಿ ಹೋಗಿದೆ" ಎಂದ. ಅವರೆದುರಿಗೇ ಅದನ್ನು ಹೇಳಿದ್ದು ಅದೇ ಮೊದಲು. "ನನ್ನ ಕೈಲಿ ಆಗ್ತಿಲ್ಲ."

ಟೀಚರಮ್ಮ ಅವನ ಮುಖವನ್ನು ಗಮನವಿಟ್ಟು ನೋಡಿದರು.

"ಹಾಗಾದ್ರೆ ಮನೆಗೆ ಹೋಗಪ್ಪ" ಎಂದರು, ಬಹಳ ಮೃದುವಾಗಿ. "ಬೆಳಗ್ಗೆಯಿಂದ ದುಡಿದಿದ್ದೀಯ. ನಿನಗೂ ಹೆಂಡತಿ ಮಕ್ಕಳು ಇರ್ತಾರೆ, ದಾರಿ ನೋಡ್ತಿರ್ತಾರೆ. ಹೋಗು, ನಾನೇನೂ ಅಂದ್ಕೊಳಲ್ಲ."

ಇಷ್ಟು ಕಾಲದಲ್ಲಿ ಅವನಿಗೆ ಹೋಗು ಎಂದು ಹೇಳಿದವರು ಅವರೊಬ್ಬರೇ. ಅವನು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು, ಆದರೆ ಯಾರೂ ಬರಲಿಲ್ಲ.

ಟೀಚರಮ್ಮ ಕಾದು ಕಾದು ಬಟ್ಟಲಿನೊಳಗೆ ಇಣುಕಿದರು.

"ಇನ್ನೂ ಇದೆಯಾ?"

"ಇದೆ, ಅತ್ತೆ" ಎಂದು ಅವನು ಮುಖ ಒರೆಸಿಕೊಂಡು ಚಮಚ ತೆಗೆದುಕೊಂಡ.